ಮನಸ್ಸನ್ನು ಅಳೆಯುವ ಸೇರು

ದಶಮಾಂಶ ಪದ್ಧತಿಯ ತೂಕ ಮತ್ತು ಅಳತೆಗಳು ಭಾರತದಲ್ಲಿ 1958ರಿಂದ ಹಂತಹಂತವಾಗಿ ಜಾರಿಗೆ ಬಂದವು. ಅದಕ್ಕೆ ಮೊದಲು ಸೇರು ಎಂಬ ಹೆಸರು ಎಲ್ಲ ಕಡೆಯಲ್ಲಿಯೂ ಒಂದೇ ಆಗಿದ್ದರೂ ಸೇರು ಮಾತ್ರ ಒಂದೇ ಆಗಿರಲಿಲ್ಲ. ಒಂದು ಪೇಟೆಯ ಸೇರಿಗೂ ಮತ್ತೊಂದು ಪೇಟೆಯ ಸೇರಿಗೂ ವ್ಯತ್ಯಾಸವಿರುತ್ತಿತ್ತು. ಒಂದೂರಿನಲ್ಲಿ ಅಳೆದು ತಂದ ಜೋಳ ಇನ್ನೊಂದೂರಿನ ಅಳತೆಯಲ್ಲಿ ಕಡಿಮೆ ಬಂದರೆ ಜಾಣೆಯಾದ ಗೃಹಿಣಿ ಜೋಳವನ್ನು ದೂರುತ್ತಿರಲಿಲ್ಲ. ಸೇರನ್ನು ತಿರುಗಿಸಿ ನೋಡುತ್ತಿದ್ದಳು. ಜೋಳದ ವಿಷಯದಲ್ಲಿ ಇಷ್ಟು ಎಚ್ಚರವನ್ನು ತೋರಿದ ಸಮಾಜವು ಮಕ್ಕಳ ಬುದ್ಧಿಯನ್ನು ಅಳೆಯುವ ಸಂದರ್ಭ ಬಂದಾಗ ಸೇರನ್ನು ಎಷ್ಟು ಮಂದಿ ತಿರುಗಿಸಿ ನೋಡಿದರು ಎಂಬುದು ವಿಚಾರಮಾಡತಕ್ಕ ಸಂಗತಿ.

ಬೀದರ ನಗರದ ಒಂದು ಕಾಲೇಜನ್ನು ಊಹಿಸಿಕೊಳ್ಳಬಹುದು. ಬಿ.ಎ. ತರಗತಿ, ವಿಷಯ ಮನಶ್ಶಾಸ್ತ್ರ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಔರಾದ ತಾಲ್ಲೂಕಿನ ಸಂತಪುರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಕುಳಿತಿದ್ದಾಳೆ. ಮನೆ ತಾಂಡಾದಲ್ಲಿ, ಮನೆಯ ಮಾತು ಲಂಬಾಣಿ. ಶಾಲೆಯಲ್ಲಿ ಕಲಿತದ್ದು ಕನ್ನಡ. ನೆರೆಯವರೊಡನೆ ಮರಾಠಿ, ಪೇಟೆಯಲ್ಲಿ ದಖನಿ, ಪಠ್ಯಪುಸ್ತಕದಲ್ಲಿ ಇಂಗ್ಲಿಷು. ಬೀದರ ಜಿಲ್ಲೆಯ ಮಟ್ಟಿಗೆ ಇದೇನೂ ವಿಶೇಷವಲ್ಲ. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿದು, 1956ರ ನವೆಂಬರ್ 1ರಂದು ಈ ಜಿಲ್ಲೆ ಕನ್ನಡನಾಡಿನೊಡನೆ ಸೇರಿದ ಮೇಲೆಯೂ ಇಲ್ಲಿನ ನಾಲಗೆ ಹಲವು ನುಡಿಗಳಲ್ಲಿ ನಲಿಯುವ ಅಭ್ಯಾಸವನ್ನು ಬಿಟ್ಟಿಲ್ಲ.

ಅಂದಿನ ಪಾಠ ಬುದ್ಧಿಶಕ್ತಿಯನ್ನು ಕುರಿತದ್ದು. ಅಧ್ಯಾಪಕರು ಕಪ್ಪುಹಲಗೆಯ ಮೇಲೆ ನಾಲ್ಕು ಪದಗಳನ್ನು ಬರೆಯುತ್ತಾರೆ: ಕೊಡಲಿ, ಗರಗಸ, ಸುತ್ತಿಗೆ, ಮರದ ದಿಮ್ಮಿ. ಇವುಗಳಲ್ಲಿ ಗುಂಪಿಗೆ ಸೇರದ ವಸ್ತು ಯಾವುದು? ಮುಂದಿನ ಸಾಲಿನವರು ಒಡನೆಯೇ ದಿಮ್ಮಿ ಎನ್ನುತ್ತಾರೆ. ಮಿಕ್ಕ ಮೂರೂ ಉಪಕರಣಗಳು, ದಿಮ್ಮಿ ಉಪಕರಣವಲ್ಲ. ಸಂತಪುರದ ಕಡೆಯ ಹುಡುಗಿ ಮಾತ್ರ ಸುಮ್ಮನಿರುತ್ತಾಳೆ. ಅಧ್ಯಾಪಕರು ಅವಳನ್ನೇ ಎಬ್ಬಿಸಿ ಕೇಳಿದಾಗ ಅಳುಕುತ್ತಲೇ ಅವಳೆನ್ನುತ್ತಾಳೆ: “ಕಟ್ಟಿಗೇನೆ ಇಲ್ಲಂದ್ರ ಕೊಡ್ಲಿ ತಗೊಂಡು ಏನ್ ಮಾಡೋದದರಿ ಸರ್?”

ತರಗತಿ ನಗುತ್ತದೆ. ಈ ನಗೆಯ ನಂತರದ ಒಂದು ಕ್ಷಣವೇ ಈ ಬರೆಹದ ವಸ್ತು. ಅಧ್ಯಾಪಕರು ತಾವೂ ನಕ್ಕು ಮುಂದೆ ಸಾಗಬಹುದು. ಹಾಗಾದರೆ ಅವಳು ವರ್ಷವೆಲ್ಲ ಮತ್ತೆ ಬಾಯಿ ತೆರೆಯಲಾರಳು. ಅಥವಾ ಅವರು ಸೀಮೆಸುಣ್ಣವನ್ನು ಕೆಳಗಿಟ್ಟು, ಅವಳ ಉತ್ತರವನ್ನೇ ಅಂದಿನ ಪಾಠವನ್ನಾಗಿ ಮಾಡಬಹುದು.

ಹಾಗೆ ಮಾಡಲು ಶಾಸ್ತ್ರದ ಆಧಾರ ಬೇಕಾದಷ್ಟಿದೆ. 1931 ಮತ್ತು 1932ರಲ್ಲಿ ರಷ್ಯದ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಮಧ್ಯ ಏಷ್ಯದ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋಗಿ ಅಲ್ಲಿನ ರೈತರ ಮುಂದೆ ಇದೇ ನಾಲ್ಕು ವಸ್ತುಗಳನ್ನು ಇಟ್ಟರು. ಶಾಲೆಯ ಮೆಟ್ಟಿಲು ಹತ್ತದ ರೈತರು ದಿಮ್ಮಿಯನ್ನು ಬೇರೆಮಾಡಲು ಒಪ್ಪಲಿಲ್ಲ. ಕೊಯ್ಯುವುದಕ್ಕೆ ಮರವಿಲ್ಲದಿದ್ದರೆ ಗರಗಸವೇಕೆ ಎಂಬುದೇ ಅವರ ವಾದ. ಕೆಲಮಟ್ಟಿಗೆ ಓದುಬರೆಹ ಕಲಿತವರಾದರೋ ‘ಉಪಕರಣ’ ಎಂಬ ವರ್ಗದ ಹೆಸರನ್ನು ಸುಲಭವಾಗಿ ಹಿಡಿದರು. ಇದರಿಂದ ತಿಳಿಯುವುದೇನು? ಮೊದಲಿನವರಲ್ಲಿ ಬುದ್ಧಿಯ ಕೊರತೆಯಿತ್ತೆಂದಲ್ಲ. ವಸ್ತುಗಳನ್ನು ಬಳಕೆಯಿಂದ ಕೂಡಿಸುವುದು ಒಂದು ರೀತಿ, ಹೆಸರಿನಿಂದ ಕೂಡಿಸುವುದು ಇನ್ನೊಂದು ರೀತಿ. ಎರಡನೆಯದನ್ನು ಕಲಿಸುವುದು ಮುಖ್ಯವಾಗಿ ಶಾಲೆ. ಶಾಲೆ ಕಲಿಸಿದ್ದನ್ನು ಹುಟ್ಟಿನಿಂದ ಬಂದ ಬುದ್ಧಿಯೆಂದು ತಿಳಿದರೆ ಲೆಕ್ಕ ತಪ್ಪುತ್ತದೆ. ಲೂರಿಯಾ ಅವರ ಈ ಸಂಶೋಧನೆ ಪೂರ್ಣ ಗ್ರಂಥವಾಗಿ ರಷ್ಯನ್ ಭಾಷೆಯಲ್ಲಿ ಹೊರಬರಲು 1974ರವರೆಗೆ ಕಾಯಬೇಕಾಯಿತು.

ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಬೆಂಗಳೂರಿನ ಒಳ್ಳೆಯ ಶಾಲೆಯೊಂದರ ಹತ್ತು ವರ್ಷದ ಬಾಲಕನನ್ನು ಕರೆದು, ಕೂರಿಗೆ, ಕುಂಟೆ, ನೇಗಿಲು, ಕುಡುಗೋಲು ಇವುಗಳನ್ನು ಬೇಸಾಯದ ಕ್ರಮದಲ್ಲಿ ಜೋಡಿಸೆಂದು ಹೇಳಲಿ. ಎಳ್ಳಮಾವಾಸ್ಯೆಯ ದಿನ ಬೀದರಿನ ಕಡೆ ಸಂಸಾರಗಳೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದೇಕೆಂದು ಕೇಳಲಿ. ಬಾಲಕ ಕಣ್ಣು ಬಿಡುತ್ತಾನೆ. ಆದರೆ ಯಾರೂ ಅವನನ್ನು ಮಂದಬುದ್ಧಿಯವನೆಂದು ಕರೆಯುವುದಿಲ್ಲ. ‘ಪಾಪ, ಅವನು ಹೊಲ ನೋಡಿಲ್ಲ’ ಎನ್ನುತ್ತಾರೆ. ಈ ಉದಾರವಾದ ‘ಪಾಪ’ ತಾಂಡಾದ ಮಗುವಿಗೆ ಏಕೆ ದೊರೆಯಬಾರದು?

ಬುದ್ಧಿಮಾಪನದ ಚರಿತ್ರೆಯನ್ನು ಮನಶ್ಶಾಸ್ತ್ರದ ವಿದ್ಯಾರ್ಥಿಗಳೆಲ್ಲರೂ ಓದುತ್ತಾರೆ. 1905ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬಿನೆ ತನ್ನ ಸಹೋದ್ಯೋಗಿ ಸಿಮೋನನೊಡನೆ ಮೊದಲ ಮಾಪಕವನ್ನು ಸಿದ್ಧಪಡಿಸಿದನು. ಮುಂದೆ ಅದು ನಾನಾ ದೇಶಗಳಿಗೆ ಹಬ್ಬಿತು. ಬುದ್ಧಿಲಬ್ಧವೆಂಬ ಅಂಕಿ ಹುಟ್ಟಿತು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಪರೀಕ್ಷೆಗೆ ಸಾಲುವಷ್ಟು ಚರಿತ್ರೆ ಮನುಷ್ಯನಿಗೆ ಸಾಲುವುದಿಲ್ಲ. ಬಿನೆಯ ಉದ್ದೇಶ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಶಿಕ್ಷಣ ಕೊಡುವುದಾಗಿತ್ತು. ಅದೇ ಮಾಪಕ ಸಮುದ್ರ ದಾಟಿ ಅಮೆರಿಕಕ್ಕೆ ಹೋದಾಗ ಉದ್ದೇಶವೇ ಬದಲಾಯಿತು. 1913ರಲ್ಲಿ ಹೆನ್ರಿ ಗೊಡಾರ್ಡ್ ಎಂಬ ವಿದ್ವಾಂಸನ ಸಹಾಯಕರು ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ, ಆಗತಾನೆ ಹಡಗಿನಿಂದ ಇಳಿದಿದ್ದ ಬಡ ವಲಸೆಗಾರರ ಸಣ್ಣ ಗುಂಪುಗಳನ್ನು ಪರೀಕ್ಷಿಸಿದರು. ಆ ಯೆಹೂದ್ಯರು, ಹಂಗೆರಿಯವರು, ಇಟಲಿಯವರು, ರಷ್ಯದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಮಂದಬುದ್ಧಿಗಳೆಂದು 1917ರಲ್ಲಿ ಪ್ರಕಟವಾಯಿತು. ವಾರಗಟ್ಟಲೆ ಸಮುದ್ರಯಾನ ಮಾಡಿ, ಭಾಷೆ ತಿಳಿಯದ ನಾಡಿನಲ್ಲಿ ಹೆದರಿ ನಿಂತವರನ್ನು ಅಳೆದ ಫಲವದು. ಅಲ್ಲಿಯೂ ಯಾರಾದರೊಬ್ಬರು ಸೇರನ್ನು ತಿರುಗಿಸಿ ನೋಡಬೇಕಾಗಿತ್ತು.

ಭಾರತದಲ್ಲಿ ಹಾಗೆ ತಿರುಗಿಸಿ ನೋಡಿದವರಿದ್ದಾರೆಂಬುದು, ಅವರಲ್ಲಿ ಕನ್ನಡ ನೆಲದಲ್ಲಿ ದುಡಿದವರೂ ಇದ್ದಾರೆಂಬುದು ಸಂತೋಷದ ಮಾತು. ಲಾಹೋರಿನಲ್ಲಿ ಹರ್ಬರ್ಟ್ ರೈಸ್ ಹಿಂದೂಸ್ತಾನಿಯಲ್ಲಿ ಒಂದು ಮಾಪಕವನ್ನು ರಚಿಸಿದರು. ಅದರ ಗ್ರಂಥ 1929ರಲ್ಲಿ ಬಂದಿತು. ಧಾರವಾಡದಲ್ಲಿ ವಿ.ವಿ. ಕಾಮತರು ಬಿನೆಯ ಮಾಪಕವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ, 1934ರಲ್ಲಿ ಬ್ರಿಟನ್ನಿನ ವಿದ್ವತ್ಪತ್ರಿಕೆಯೊಂದರಲ್ಲಿ ಅದರ ವಿವರವನ್ನು ಪ್ರಕಟಿಸಿದರು. 1940ರಲ್ಲಿ ಅವರ ಗ್ರಂಥ ಹೊರಬಂದಿತು. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರಿನಿಂದ ಅದು ದಶಕಗಳ ಕಾಲ ದೇಶದ ಆಸ್ಪತ್ರೆಗಳಲ್ಲಿಯೂ ಶಾಲೆಗಳಲ್ಲಿಯೂ ಬಳಕೆಯಲ್ಲಿತ್ತು. ವಿದೇಶದ ಪ್ರಶ್ನೆಗಳನ್ನು ಭಾಷಾಂತರಿಸಿದರೆ ಸಾಲದು, ಇಲ್ಲಿಯ ಮಕ್ಕಳ ಮೇಲೆ ಪ್ರಯೋಗಿಸಿ ನೋಡಬೇಕೆಂಬುದು ಕಾಮತರ ಕೆಲಸದಿಂದ ಕಲಿಯಬೇಕಾದ ಪಾಠ. ಮುಂದೆ 1955ರಲ್ಲಿ ಸಿ.ಎಂ. ಭಾಟಿಯಾ ಉತ್ತರ ಭಾರತದಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಬಣ್ಣದ ಘನಗಳನ್ನು ಜೋಡಿಸುವುದು, ಚಿತ್ರದ ತುಂಡುಗಳನ್ನು ಕೂಡಿಸುವುದು ಮೊದಲಾದ ಐದು ಪರೀಕ್ಷೆಗಳಿಂದ, ಅಕ್ಷರ ಬಲ್ಲವರಿಗೂ ಬಾರದವರಿಗೂ ಬೇರೆಬೇರೆ ಮಟ್ಟವನ್ನು ಗೊತ್ತುಪಡಿಸಿದರು.

ಮೈಸೂರಿನ ಮಾತನ್ನೂ ಇಲ್ಲಿ ಮರೆಯುವಂತಿಲ್ಲ. ಲಂಡನ್ನಿನಲ್ಲಿ ಸ್ಪಿಯರ್ಮನ್‌ರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. ತಮ್ಮ ಮನೆಯಿಂದಲೇ 1935ರಲ್ಲಿ ಬಾನುಲಿ ಪ್ರಸಾರವನ್ನು ಪ್ರಾರಂಭಿಸಿ ಅದು ‘ಆಕಾಶವಾಣಿ’ ಎನಿಸಿಕೊಂಡದ್ದೂ ಇವರಿಂದಲೇ. ಪ್ರಯೋಗಶಾಲೆಯ ನಾಲ್ಕು ಗೋಡೆಗಳೊಳಗೆ ಮುಚ್ಚಿಟ್ಟ ವಿದ್ಯೆ ಸಾಲದೆಂದು ಬಲ್ಲ ಪ್ರಾಧ್ಯಾಪಕರು ಅವರು.

ಇನ್ನು ಭಾಷೆಯ ಪ್ರಶ್ನೆ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಮಗುವಿನ ತಲೆ ಕಲಸುಮೇಲೋಗರವಾಗುತ್ತದೆಂಬ ಭೀತಿ ಇಂದಿಗೂ ಪಟ್ಟಣದ ಎಷ್ಟೋ ಮನೆಗಳಲ್ಲಿದೆ. ಶಾಲೆಯವರು ಮನೆಯಲ್ಲಿ ಇಂಗ್ಲಿಷನ್ನೇ ಆಡಿರೆಂದು ಹೇಳಿದರೆ ತಾಯಿ ಅಜ್ಜಿಯ ಬಾಯನ್ನೇ ಕಟ್ಟಿಹಾಕುತ್ತಾಳೆ. ಈ ಭೀತಿಯನ್ನು ಬಿತ್ತಿದವರಲ್ಲಿ ಮನಶ್ಶಾಸ್ತ್ರಜ್ಞರೂ ಇದ್ದರು. ದ್ವಿಭಾಷಿ ಮಕ್ಕಳು ಬುದ್ಧಿಯಲ್ಲಿ ಹಿಂದೆಬೀಳುವರೆಂದು 1920ರ ದಶಕದಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಬರೆದವರುಂಟು. 1962ರಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬಿಬ್ಬರು ಕೆನಡಾದ ಮಾಂಟ್ರಿಯಲ್ಲಿನ ಹತ್ತು ವರ್ಷದ ಮಕ್ಕಳನ್ನು, ಮನೆಯ ಆರ್ಥಿಕ ಸ್ಥಿತಿ ಸಮನಾಗಿರುವಂತೆ ಎಚ್ಚರವಹಿಸಿ ಪರೀಕ್ಷಿಸಿದಾಗ, ಫಲ ತಿರುಗುಮುರುಗಾಯಿತು. ಎರಡು ಭಾಷೆಗಳನ್ನು ಚೆನ್ನಾಗಿ ಬಲ್ಲ ಮಕ್ಕಳೇ ಮುಂದೆ ನಿಂತರು. ಹಿಂದಿನ ಪರೀಕ್ಷಕರು ಎಷ್ಟೋ ವೇಳೆ ಅಳೆದದ್ದು ಭಾಷೆಯ ದೋಷವನ್ನಲ್ಲ, ಬಡತನವನ್ನು. ಭಾರತದಲ್ಲಿ ಒಡಿಶಾದ ಕೊಂಧ ಜನಾಂಗದ ಮಕ್ಕಳನ್ನು ಅಭ್ಯಾಸಮಾಡಿದ ಅಜಿತ್ ಮೊಹಂತಿಯವರೂ, ತಾಯ್ನುಡಿಯಾದ ಕುಯಿಯನ್ನು ಉಳಿಸಿಕೊಂಡು ಒಡಿಯಾ ಕಲಿತ ಮಕ್ಕಳು ಒಡಿಯಾ ಒಂದನ್ನೇ ಬಲ್ಲ ಮಕ್ಕಳಿಗಿಂತ ಮೇಲಾಗಿದ್ದುದನ್ನು ಕಂಡರು. ಈ ಸಂಶೋಧನೆಗಳ ಅರ್ಥವನ್ನು ಬೀದರಿನ ತರಗತಿಗಿಂತ ಚೆನ್ನಾಗಿ ಯಾರು ತಿಳಿದಾರು? ನಾಲ್ಕು ಭಾಷೆಗಳ ನಡುವೆ ಓಡಾಡುವ ಹುಡುಗಿ ಇಂಗ್ಲಿಷ್ ಪಠ್ಯದ ಮುಂದೆ ತಡವರಿಸಿದಾಗ ಅವಳಲ್ಲಿರುವುದನ್ನು ಎಣಿಸದೆ ಇಲ್ಲದಿರುವುದನ್ನೇ ಎಣಿಸುವುದು ಯಾವ ನ್ಯಾಯ?

ಭಾಷೆಗಿಂತ ಕಠಿನವಾದ ಮಾತು ಜಾತಿಯದು. ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಪೂರ್ವಗ್ರಹವೆಂಬ ಅಧ್ಯಾಯವಿರುತ್ತದೆ. ಅಲ್ಲಿ ಅಮೆರಿಕದ ಬಿಳಿಯರು ಮತ್ತು ಕರಿಯರ ಉದಾಹರಣೆಗಳಿರುತ್ತವೆ. ಕೆನೆತ್ ಕ್ಲಾರ್ಕ್ ಮತ್ತು ಮೇಮೀ ಕ್ಲಾರ್ಕ್ ದಂಪತಿಗಳು ಕರಿಯ ಮಕ್ಕಳ ಮುಂದೆ ಬಿಳಿ ಬೊಂಬೆ ಮತ್ತು ಕಂದು ಬೊಂಬೆಗಳನ್ನಿಟ್ಟು ‘ಒಳ್ಳೆಯ ಬೊಂಬೆ ಯಾವುದು’ ಎಂದು ಕೇಳಿದಾಗ, ಬಹುಮಂದಿ ಮಕ್ಕಳು ಬಿಳಿಯದನ್ನೇ ತೋರಿಸಿದ ಕಥೆ ಮನಸ್ಸನ್ನು ಕಲಕುತ್ತದೆ. ಶಾಲೆಗಳಲ್ಲಿ ವರ್ಣಭೇದ ಕೂಡದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತಾಗ ಈ ಬಗೆಯ ಅಧ್ಯಯನಗಳನ್ನು ಉಲ್ಲೇಖಿಸಿತು. ವಿದ್ಯಾರ್ಥಿ ಇದನ್ನೆಲ್ಲ ಬಾಯಿಪಾಠ ಮಾಡಿ ಅಂಕಗಳನ್ನು ಪಡೆಯುತ್ತಾನೆ. ಕಾಲೇಜಿನಿಂದ ಹೊರಬಂದು, ಬಾವಿ ಯಾರದು, ಕೇರಿ ಯಾರದು ಎಂಬುದನ್ನು ಕೇಳದೆಯೇ ತಿಳಿಯಬಲ್ಲ ಊರಿಗೆ ಹಿಂದಿರುಗುತ್ತಾನೆ. ಪುಸ್ತಕಕ್ಕೂ ಊರಿಗೂ ಸಂಬಂಧವಿದೆಯೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಸಂಬಂಧವಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರಪ್ರದೇಶದ ಹಳ್ಳಿಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಭಾರತದ ಪ್ರತಿಯೊಬ್ಬ ಅಧ್ಯಾಪಕನೂ ತಿಳಿದಿರಬೇಕು. ಮೇಲ್ಜಾತಿಯ 321 ಹುಡುಗರು, ಕೆಳಜಾತಿಗಳೆನಿಸಿಕೊಂಡವುಗಳ 321 ಹುಡುಗರು ಅದರಲ್ಲಿ ಭಾಗವಹಿಸಿದರು. ಕಾಗದದ ಮೇಲೆ ಅಚ್ಚುಮಾಡಿದ ಚಕ್ರವ್ಯೂಹಗಳಲ್ಲಿ ದಾರಿ ಹುಡುಕುವುದು ಅವರ ಕೆಲಸ. ಬಿಡಿಸಿದಷ್ಟಕ್ಕೆ ಹಣದ ಬಹುಮಾನ. ಜಾತಿಯನ್ನು ಹೇಳದೆ ಕೆಲಸ ಮಾಡಿಸಿದಾಗ ಎರಡು ಗುಂಪುಗಳ ನಡುವೆ ಗಣನೆಗೆ ಬರುವ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಬೇರೆ ತಂಡಗಳಲ್ಲಿ, ಕೆಲಸಕ್ಕೆ ಮೊದಲು ಪ್ರತಿಯೊಬ್ಬ ಹುಡುಗನ ಹೆಸರು, ಊರು, ತಂದೆಯ ಮತ್ತು ತಾತನ ಹೆಸರು, ಜಾತಿ ಇವನ್ನು ಎಲ್ಲರ ಮುಂದೆ ಓದಿದರು. ಓದಿದ್ದಷ್ಟೇ, ಯಾರೂ ಯಾರನ್ನೂ ಬೈಯಲಿಲ್ಲ. ಆದರೂ ಕೆಳಜಾತಿಯ ಹುಡುಗರು ಬಿಡಿಸಿದ ಚಕ್ರವ್ಯೂಹಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಹುಡುಗರು ಅಂಥವರೇ, ಕಾಗದ ಅದೇ. ನಡುವೆ ಬಂದದ್ದು ಒಂದು ಪದ ಮಾತ್ರ.

ಈಗ ಕಾಲೇಜಿನ ತರಗತಿಗೆ ಹಿಂದಿರುಗಿ ನೋಡಬೇಕು. ವಿದ್ಯಾರ್ಥಿವೇತನದ ಪಟ್ಟಿ ಬರುತ್ತದೆ. ಜವಾನನು ಬಾಗಿಲಲ್ಲಿ ನಿಂತು, ಇಂತಿಂಥ ವರ್ಗದವರು ಎದ್ದುನಿಲ್ಲಿರೆಂದು ಕೂಗುತ್ತಾನೆ. ಕೆಲವರು ಎದ್ದು ನಿಲ್ಲುತ್ತಾರೆ. ಉಳಿದವರು ತಿರುಗಿ ನೋಡುತ್ತಾರೆ. ಆ ಕೂಡಲೆ ಪಾಠ ಮುಂದುವರಿಯುತ್ತದೆ; ಕೆಲವೊಮ್ಮೆ ಕಿರುಪರೀಕ್ಷೆಯೂ ನಡೆಯುತ್ತದೆ. ಯಾರ ಮನಸ್ಸಿನಲ್ಲಿಯೂ ದುರುದ್ದೇಶವಿಲ್ಲ. ಜವಾನನಿಗಂತೂ ಇಲ್ಲವೇ ಇಲ್ಲ. ಆದರೆ ಉತ್ತರಪ್ರದೇಶದ ಹಳ್ಳಿಯಲ್ಲಿ ವಿದ್ವಾಂಸರು ಯೋಜಿಸಿ ಮಾಡಿದ ಪ್ರಯೋಗವನ್ನು ಇಲ್ಲಿ ಯೋಚಿಸದೆ ವರ್ಷವರ್ಷವೂ ಮಾಡಿದಂತಾಗುತ್ತದೆ. ಮನಶ್ಶಾಸ್ತ್ರದ ಅಧ್ಯಾಪಕರು ಸಾಮಾಜಿಕ ನ್ಯಾಯವನ್ನು ಪಾಠದಲ್ಲಿ ತರುವುದೆಂದರೆ ಮೊದಲು ಈ ಪಟ್ಟಿಯನ್ನು ಕಚೇರಿಯಲ್ಲಿಯೇ, ಒಬ್ಬೊಬ್ಬರನ್ನಾಗಿ ಕರೆದು ಮುಗಿಸುವಂತೆ ಏರ್ಪಾಡುಮಾಡುವುದು. ಇದಕ್ಕೆ ಹೊಸ ಪಠ್ಯಕ್ರಮವೂ ಬೇಡ, ಸರಕಾರದ ಆದೇಶವೂ ಬೇಡ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಮನಶ್ಶಾಸ್ತ್ರವು ವಿಜ್ಞಾನ, ನ್ಯಾಯ ಅನ್ಯಾಯಗಳ ವಿಚಾರ ರಾಜಕೀಯದವರಿಗೂ ಸುಧಾರಕರಿಗೂ ಸೇರಿದ್ದು, ಅದನ್ನು ತರಗತಿಗೆ ತಂದರೆ ವಿದ್ಯೆ ಉಪದೇಶವಾಗುವುದಿಲ್ಲವೆ? ಈ ಭಯವನ್ನು ಹಗುರವಾಗಿ ತೆಗೆದುಹಾಕಬಾರದು. ಉಪದೇಶವೇ ಆಗಿಬಿಟ್ಟ ಪಾಠವನ್ನು ವಿದ್ಯಾರ್ಥಿಗಳು ಆಕಳಿಸುತ್ತ ಕೇಳಿ, ಬೇಕಾದ ಉತ್ತರವನ್ನು ಬರೆದು, ಮರೆತುಬಿಡುತ್ತಾರೆ. ಆದರೆ ಮೇಲೆ ಹೇಳಿದ ಯಾವುದೂ ಉಪದೇಶವಲ್ಲ. ಎಲ್ಲವೂ ಅಧ್ಯಯನ, ಎಣಿಕೆ, ಹೋಲಿಕೆ. ನಿಜವಾಗಿ ವಿಜ್ಞಾನಕ್ಕೆ ಕುಂದು ಬಂದದ್ದು ಮನುಷ್ಯರಲ್ಲಿ ಕೆಲವರನ್ನು ಮಾತ್ರ ನೋಡಿ ಎಲ್ಲರ ಬಗೆಗೂ ನಿಯಮ ಬರೆದುದರಿಂದ. ಮನಶ್ಶಾಸ್ತ್ರದ ಮುಖ್ಯ ವಿದ್ವತ್ಪತ್ರಿಕೆಗಳಲ್ಲಿ ಪ್ರಯೋಗಕ್ಕೊಳಗಾದವರಲ್ಲಿ ನೂರಕ್ಕೆ 96 ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು, ಆ ದೇಶಗಳಲ್ಲಿರುವುದಾದರೋ ಪ್ರಪಂಚದ ಜನರಲ್ಲಿ ನೂರಕ್ಕೆ 12 ಮಂದಿ ಮಾತ್ರ, ಎಂಬ ಲೆಕ್ಕವನ್ನು 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಅವರ ಸಂಗಡಿಗರು ಎತ್ತಿ ತೋರಿಸಿ ಶಾಸ್ತ್ರಜ್ಞರನ್ನೇ ಬೆಚ್ಚಿಬೀಳಿಸಿದರು. ಒಂದು ಹೊಲದ ಮಣ್ಣನ್ನು ನೋಡಿ ಇಡೀ ತಾಲ್ಲೂಕಿಗೆ ಬೆಳೆ ಗೊತ್ತುಮಾಡುವವನನ್ನು ರೈತರು ಬುದ್ಧಿವಂತನೆನ್ನುತ್ತಾರೆಯೆ?

ಇನ್ನೊಂದು ಆಕ್ಷೇಪಣೆ ಇದಕ್ಕೆ ಎದುರಾದದ್ದು. ಮಾಪಕಗಳೆಲ್ಲ ಪಕ್ಷಪಾತದಿಂದ ಕೂಡಿದ್ದರೆ ಅವನ್ನು ಎಸೆದುಬಿಡಬಾರದೇಕೆ? ಎಸೆದರೆ ನಷ್ಟವಾಗುವುದು ಬಡ ಮಕ್ಕಳಿಗೇ. ನಿಜವಾದ ಬೌದ್ಧಿಕ ಕೊರತೆಯುಳ್ಳ ಮಗುವಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಸಲ್ಲಬೇಕಾದ ನೆರವು ಸಲ್ಲಬೇಕಾದರೆ ಯಾರಾದರೂ ಅಳೆದು ಪ್ರಮಾಣಪತ್ರ ಕೊಡಲೇಬೇಕು. ಆ ಪತ್ರವಿಲ್ಲದೆ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ. ಕೊರತೆಯಿಲ್ಲದ ಮಗುವಿಗೆ ಕೊರತೆಯ ಚೀಟಿ ಅಂಟಿದರೆ ಒಂದು ಬಾಳು ಕೆಡುತ್ತದೆ. ಕೊರತೆಯುಳ್ಳ ಮಗುವಿಗೆ ಚೀಟಿ ದೊರೆಯದಿದ್ದರೆ ಇನ್ನೊಂದು ಬಾಳು ಕೆಡುತ್ತದೆ. ಆದುದರಿಂದ ಬೇಕಾದದ್ದು ಸೇರನ್ನು ಒಡೆಯುವುದಲ್ಲ. ಅದನ್ನು ಎಲ್ಲಿ ಮಾಡಿದರು, ಯಾವ ಧಾನ್ಯಕ್ಕೆ ಮಾಡಿದರು, ಎಷ್ಟು ಸವೆದಿದೆ ಎಂಬುದನ್ನು ಬಲ್ಲ ಕೈಗಳನ್ನು ತಯಾರಿಸುವುದು. ಆ ಕೈಗಳು ತಯಾರಾಗುವುದು ವಿಶ್ವವಿದ್ಯಾನಿಲಯದಲ್ಲಿ.

ಈ ಮಾತಿನ ಭಾರ ಕಲ್ಯಾಣ ಕರ್ನಾಟಕಕ್ಕೆ ಚೆನ್ನಾಗಿ ತಿಳಿದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಮಾನಸಿಕ ರೋಗಿಗಳು ಬೆಂಗಳೂರಿಗೆ ಬರಲೆಂದು ಕಾಯುವುದರ ಬದಲು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಔಷಧವನ್ನೂ ಸಾಂತ್ವನವನ್ನೂ ಹಳ್ಳಿಯ ಹತ್ತಿರಕ್ಕೆ ಕೊಂಡೊಯ್ದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯಾದರೋ ಲಿಂಗ, ಧರ್ಮ, ಜಾತಿ, ವರ್ಗ, ಅಂಗವೈಕಲ್ಯ ಇವುಗಳ ಭೇದವಿಲ್ಲದೆ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ವಿಧಿಸಿದೆ. ಕಾಯಿದೆ ಬರೆಯುವವರು ದಿಲ್ಲಿಯಲ್ಲಿರುತ್ತಾರೆ. ಅದನ್ನು ನಡೆಸಬೇಕಾದವರು ತಾಲ್ಲೂಕಿನಲ್ಲಿರುತ್ತಾರೆ. ಲಂಬಾಣಿ ಮುದುಕಿಯೊಬ್ಬಳು ‘ಎದೆಯಲ್ಲಿ ಬೆಂಕಿ’ ಎಂದರೆ ಅದು ಹೊಟ್ಟೆಯ ಹುಣ್ಣೋ ಮನಸ್ಸಿನ ಬೇಗೆಯೋ ಎಂದು ವಿಚಾರಿಸುವ ತಾಳ್ಮೆಯನ್ನು ಕಾಯಿದೆ ಕಲಿಸಲಾರದು. ಅಧ್ಯಾಪಕರು ಕಲಿಸಬಲ್ಲರು.

ಹೇಗೆ ಕಲಿಸಬೇಕು? ಹೊಸ ಪುಸ್ತಕಗಳಿಗಾಗಿ ಕಾಯಬೇಕಾಗಿಲ್ಲ. ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರಾಯೋಗಿಕ ತರಗತಿ ಇದ್ದೇ ಇದೆ. ಅದರಲ್ಲಿ ಒಂದು ಅಭ್ಯಾಸವನ್ನು ಹೀಗೆ ಮಾಡಿಸಬಹುದು. ಪ್ರತಿಯೊಬ್ಬರೂ ಯಾವುದಾದರೊಂದು ಬುದ್ಧಿಪರೀಕ್ಷೆಯ ಮಾದರಿಯಲ್ಲಿ ಹತ್ತು ಪ್ರಶ್ನೆಗಳನ್ನು ತಮ್ಮ ಊರಿನ ಅನುಭವದಿಂದ ರಚಿಸಲಿ. ಭಾಲ್ಕಿಯವನು ಭಾಲ್ಕಿಯದನ್ನು, ಬೀದರ ಪೇಟೆಯವಳು ಪೇಟೆಯದನ್ನು, ಬಿದರಿ ಕೆಲಸಗಾರರ ಮನೆಯ ಹುಡುಗ ತನ್ನ ಮನೆಯ ಕಸಬಿನದನ್ನು. ಬೆಳ್ಳಿಯ ತಂತಿಯನ್ನು ಕೂಡಿಸಿದ ಪಾತ್ರೆಗೆ ಬೀದರ ಕೋಟೆಯ ಮಣ್ಣು ಬಳಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದನ್ನು ದಿನವೂ ಕಂಡ ಹುಡುಗನ ಪ್ರಶ್ನೆಗಳು ಸಾಮಾನ್ಯವಾಗಿರಲಾರವು. ಪ್ರಶ್ನೆಪತ್ರಿಕೆಗಳನ್ನು ಅದಲುಬದಲು ಮಾಡಿ ಉತ್ತರಿಸಲಿ, ಅಂಕ ಹಾಕಲಿ. ಮುಂದಿನ ಸಾಲಿನವರು ಮೊದಲ ಬಾರಿಗೆ ಹಿಂದೆಬೀಳುತ್ತಾರೆ. ಅವರಿಗೆ ಅದು ಅವಮಾನವಾಗದಂತೆ ನೋಡಿಕೊಳ್ಳುವುದೂ ಪಾಠದ ಒಂದು ಭಾಗವೇ. ಪರೀಕ್ಷೆಯೆಂದರೇನೆಂಬುದು ಆ ಒಂದು ಗಂಟೆಯಲ್ಲಿ ತಿಳಿಯುವಷ್ಟು ಹತ್ತು ಉಪನ್ಯಾಸಗಳಿಂದಲೂ ತಿಳಿಯಲಾರದು.

ಎರಡನೆಯ ಅಭ್ಯಾಸ, ಶಾಸ್ತ್ರವು ತನ್ನನ್ನು ತಾನೇ ತಿದ್ದಿಕೊಂಡ ಸಂದರ್ಭಗಳ ಓದು. ಸಲಿಂಗಾಸಕ್ತಿಯನ್ನು ದೀರ್ಘಕಾಲ ರೋಗವೆಂದು ಕರೆದ ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಅದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ನಿನ್ನೆ ರೋಗವೆನಿಸಿದ್ದು ಇಂದು ರೋಗವಲ್ಲವೆಂದರೆ, ನಿನ್ನೆ ಅಳೆದವರ ಕಣ್ಣಿನಲ್ಲಿ ಶಾಸ್ತ್ರವೆಷ್ಟು, ಸಮಾಜದ ರೂಢಿಯೆಷ್ಟು ಎಂದು ವಿದ್ಯಾರ್ಥಿ ಕೇಳಲಿ. ಹಾಗೆ ಕೇಳಲು ಕಲಿತವನು ಇಂದಿನ ಪುಸ್ತಕವನ್ನೂ ಕುರುಡಾಗಿ ನಂಬಲಾರ, ಸುಮ್ಮನೆ ತಿರಸ್ಕರಿಸಲೂ ಆರ.

ಬೀದರಿನ ನೆಲಕ್ಕೆ ಇದು ಹೊರಗಿನಿಂದ ಬಂದ ಮಾತೇನೂ ಅಲ್ಲ. ಪರ್ಷಿಯದ ಗೀಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಇಲ್ಲಿ ಕಟ್ಟಿಸಿದ ಮದರಸಾ ದೂರದೂರದ ವಿದ್ವಾಂಸರನ್ನು ಕರೆದುತಂದಿತು. ಅದರ ಮುರಿದ ಭಾಗವೂ ಉಳಿದ ಮಿನಾರವೂ ಇಂದಿಗೂ ಊರ ನಡುವೆ ನಿಂತಿವೆ. ಇದೇ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಸಬು ಕುಲಗಳ ಭೇದವನ್ನು ಬಾಗಿಲಾಚೆ ಬಿಟ್ಟು ಮಾತಿಗೆ ಕುಳಿತರು. ನಿಜಾಮರ ಕಾಲದಲ್ಲಿ ಉರ್ದುವಲ್ಲದೆ ಬೇರೆ ಭಾಷೆಗೆ ಶಾಲೆಯಲ್ಲಿ ಎಡೆಯಿಲ್ಲದಿದ್ದಾಗ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಜಿಲ್ಲೆಯ ಹಿರಿಯರು ಅಭಿಮಾನದಿಂದ ನೆನೆಯುತ್ತಾರೆ. ಮಗು ತನ್ನ ನುಡಿಯಲ್ಲಿ ಯೋಚಿಸುವ ಹಕ್ಕಿಗಾಗಿ ಅಂದು ನಡೆದ ಹೋರಾಟವದು. ಅಂದು ಕನ್ನಡದ ಮಗುವಿಗೆ ಸಲ್ಲಬೇಕಾದ ನ್ಯಾಯ ಇಂದು ಕನ್ನಡದ ತರಗತಿಯಲ್ಲಿ ಕುಳಿತ ಲಂಬಾಣಿಯ ಮಗುವಿಗೂ ಸಲ್ಲಬೇಕು. ಈ ಜಿಲ್ಲೆಯ ಕಾಲೇಜುಗಳು 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾನಿಲಯದ ನೆರಳಿನಲ್ಲಿ ಬೆಳೆದವು. ಈಚೆಗೆ ಬೀದರಕ್ಕೆ ತನ್ನದೇ ಆದ ವಿಶ್ವವಿದ್ಯಾನಿಲಯವೂ ಬಂದಿದೆ. ಕಟ್ಟಡಗಳು ಏಳುವ ಕಾಲದಲ್ಲಿಯೇ ಪಾಠದ ರೀತಿಯನ್ನೂ ಯೋಚಿಸಿದರೆ ಕೆಲಸ ಸುಲಭ.

ಪಟ್ಟಣದ ತಂದೆತಾಯಿಗಳಿಗೂ ಇದರಲ್ಲಿ ಸಂಬಂಧವಿದೆ. ಮಗುವಿನ ಬುದ್ಧಿಲಬ್ಧ ಇಷ್ಟೆಂದು ಯಾರಾದರೂ ಚೀಟಿ ಬರೆದುಕೊಟ್ಟಾಗ, ಹೆಚ್ಚಾದರೆ ಹಿಗ್ಗಿ, ಕಡಿಮೆಯಾದರೆ ಕುಗ್ಗಿ ಮನೆಗೆ ಬರುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು? ಇದನ್ನು ಎಂತಹ ಮಕ್ಕಳ ಮೇಲೆ ಪ್ರಯೋಗಿಸಿ ಸಿದ್ಧಪಡಿಸಿದ್ದಾರೆ? ಈ ಅಂಕಿಯಿಂದ ಮಗುವಿಗೆ ಯಾವ ನೆರವು ದೊರೆಯಲಿದೆ? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಆ ಅಂಕಿಯನ್ನು ಮಗುವಿನ ಮುಂದೆ ಆಡದಿರುವುದೇ ಲೇಸು. ಮನೆಗೆಲಸಕ್ಕೆ ಬರುವವಳ ಮಗಳು ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾಳೆಂದು ಕೇಳಿದಾಗ, ‘ಅವರದು ಅಷ್ಟೇ’ ಎಂಬ ಮಾತು ನಾಲಗೆಯ ತುದಿಗೆ ಬಂದರೆ, ಚಕ್ರವ್ಯೂಹದ ಕಾಗದವನ್ನು ಹಿಡಿದು ಕುಳಿತ 321 ಹುಡುಗರನ್ನು ನೆನೆಯಬೇಕು.

ಇಷ್ಟಾಗಿ, ಕಿಟಕಿಯ ಪಕ್ಕದ ಹುಡುಗಿ ಇನ್ನೂ ನಿಂತೇ ಇದ್ದಾಳೆ. ನಗೆ ಅಡಗಿದೆ. ಅಧ್ಯಾಪಕರು ಅವಳತ್ತ ನೋಡಿ, “ಕೂತುಕೋ ತಾಯಿ, ನೀನು ಹೇಳಿದ್ದನ್ನೇ ತೊಂಬತ್ತು ವರ್ಷದ ಹಿಂದೆ ಉಜ್ಬೆಕಿಸ್ತಾನದ ರೈತರೂ ಹೇಳಿದ್ದರು” ಎಂದು ಆರಂಭಿಸುತ್ತಾರೆ. ಅವಳು ಕುಳಿತುಕೊಳ್ಳುತ್ತಾಳೆ. ಪಾಠ ಮುಗಿಯುವ ಹೊತ್ತಿಗೆ ಹಲಗೆಯ ಮೇಲೆ ಎರಡು ಉತ್ತರಗಳೂ ಅಕ್ಕಪಕ್ಕದಲ್ಲಿರುತ್ತವೆ. ಯಾವ ಉತ್ತರಕ್ಕೆ ಯಾವ ಶಿಕ್ಷಣ ಬೇಕೆಂಬುದು ಅವುಗಳ ಕೆಳಗೆ. ಪರೀಕ್ಷೆಯಲ್ಲಿ ‘ದಿಮ್ಮಿ’ ಎಂದೇ ಬರೆಯಬೇಕೆಂಬುದನ್ನು ಅವಳೂ ಕಲಿಯುತ್ತಾಳೆ, ಏಕೆ ಹಾಗೆ ಬರೆಯಬೇಕೆಂಬುದನ್ನೂ ಕಲಿಯುತ್ತಾಳೆ. ಇನ್ನು ಕೆಲವು ವರ್ಷಗಳಲ್ಲಿ ಅವಳು ಎಂ.ಎ. ಮುಗಿಸಿ ಯಾವುದೋ ಜಿಲ್ಲಾ ಆಸ್ಪತ್ರೆಯ ಮೇಜಿನ ಈಚೆ ಕುಳಿತಿರಬಹುದು. ಮೇಜಿನ ಆಚೆ ತಾಂಡಾದ ತಾಯಿಯೊಬ್ಬಳು, ಅವಳ ಮಡಿಲಲ್ಲಿ ಮಾತಾಡದ ಮಗುವೊಂದು. ಮುದ್ರಿಸಿದ ಪ್ರಶ್ನೆಗಳನ್ನು ತೆರೆಯುವ ಮೊದಲು ಅವಳು ಆ ಮಗುವನ್ನು ಲಂಬಾಣಿಯಲ್ಲಿ ಹೆಸರು ಹಿಡಿದು ಕರೆಯುವಳು. ಮಗು ತಲೆಯೆತ್ತಿ ನೋಡುವುದು.